ಬೆರಳಿನ ಮೂಳೆಗೂ ಟಿಬಿ ಬರುತ್ತದೆ: ಅನುಮಾನ ಬಂದ ದಿನದಿಂದ ಕೊನೆಯ ಮಾತ್ರೆಯವರೆಗೆ

"ಮೂರು ತಿಂಗಳಿಂದ ನಡುಬೆರಳು ಊದಿಕೊಂಡಿದೆ. ನೋವು ಅಷ್ಟೇನಿಲ್ಲ. ಡಾಕ್ಟರು ಟಿಬಿ ಇರಬಹುದು ಅಂತಾರೆ. ಕೆಮ್ಮೇ ಇಲ್ಲದವರಿಗೆ ಟಿಬಿ ಹೇಗೆ ಬರುತ್ತೆ?" ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಕೆಲವರು ಬೆರಳಿನ ಫೋಟೊ ಕಳಿಸಿ, ಇದು ಟಿಬಿಯೋ ಅಲ್ಲವೋ ಹೇಳಿ ಅಂತಾರೆ. ಫೋಟೊ ನೋಡಿ ಯಾರೂ ಹೇಳಲಾರರು, ಹೇಳಲೂಬಾರದು. ಯಾವ ಪರೀಕ್ಷೆ ಯಾವಾಗ ಆಗಬೇಕು, ಜನ ಎಲ್ಲಿ ಎಡವುತ್ತಾರೆ ಅನ್ನುವುದನ್ನು ಮಾತ್ರ ಒಂದೇ ಕಡೆ ಬರೆದಿಡಬಹುದು. ಅದಕ್ಕೇ ಈ ಲೇಖನ.

ಈ ಕಾಯಿಲೆಗೆ ಔಷಧಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ಆದರೂ ಬೆರಳು ಹಾಳಾಗುತ್ತದೆ, ಯಾಕೆಂದರೆ ಪತ್ತೆಯಾಗುವುದು ತಡ. ತಡವಾಗುವುದಕ್ಕೆ ದೊಡ್ಡ ಕಾರಣ, ಊದಿದ ಜಾಗದ ಒಂದು ಚೂರು ಲ್ಯಾಬಿಗೆ ಹೋಗುವ ಬದಲು ತಿಂಗಳುಗಟ್ಟಲೆ ಮಾತ್ರೆ ಬದಲಾಗುತ್ತಾ ಹೋಗುವುದು. ಇಡೀ ಲೇಖನದಲ್ಲಿ ಒಂದೇ ಭಾಗ ಓದಲು ಪುರುಸೊತ್ತು ಇದ್ದರೆ ಮೂರನೇ ಹಂತ ಓದಿ.

ಇದು ಬೆರಳಿಗೆ ಬಂದದ್ದು ಹೇಗೆ

ಟಿಬಿ ಅಂದರೆ ಕ್ಷಯ. 1882ರಲ್ಲಿ ರಾಬರ್ಟ್ ಕಾಕ್ ಪತ್ತೆ ಮಾಡಿದ ಅದೇ ರೋಗಾಣು ಶ್ವಾಸಕೋಶಕ್ಕೂ ಬರುತ್ತದೆ, ಮೂಳೆಗೂ ಬರುತ್ತದೆ. ಉಸಿರಿನ ಜೊತೆ ಒಳಗೆ ಹೋದ ರೋಗಾಣುವನ್ನು ಬಹಳ ಜನರ ದೇಹ ಎದೆಯಲ್ಲೇ ಕಟ್ಟಿಹಾಕುತ್ತದೆ. ಕೆಮ್ಮು, ಜ್ವರ ಯಾವುದೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಒಂದಿಷ್ಟು ರೋಗಾಣು ರಕ್ತದಲ್ಲಿ ಹರಿದು ಬೇರೆ ಕಡೆ ಸೇರಿರಬಹುದು. ಅಲ್ಲಿ ವರ್ಷಗಟ್ಟಲೆ ಸುಮ್ನೆ ಕೂತು, ಮೈಯ ಶಕ್ತಿ ಕುಂದಿದಾಗ ಏಳುತ್ತದೆ. ಆದ್ದರಿಂದ ಕೆಮ್ಮಿಲ್ಲ, ಎದೆಯ ಎಕ್ಸ್-ರೇ ಸರಿ ಇದೆ ಅಂದ ಮಾತ್ರಕ್ಕೆ ಬೆರಳಿನ ಟಿಬಿ ಇಲ್ಲ ಅಂತ ಹೇಳಲು ಆಗುವುದಿಲ್ಲ.

ಟಿಬಿ ಬಂದ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಅದು ಮೂಳೆ ಅಥವಾ ಕೀಲಿನಲ್ಲಿ ಇರುತ್ತದೆ. ಅದರಲ್ಲಿ ಸುಮಾರು ಅರ್ಧ ಬೆನ್ನುಮೂಳೆಯದು. ಬೆರಳಿನದು ಅಪರೂಪ, ಬಂದರೂ ಚಿಕ್ಕ ಮಕ್ಕಳಲ್ಲಿ ಜಾಸ್ತಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದೇ ಮೂಳೆಗೆ ಬರುತ್ತದೆ: ಬೆರಳಿನ ಬುಡದ ಮೂಳೆ, ಇಲ್ಲವೇ ಅಂಗೈಯ ಉದ್ದ ಮೂಳೆ. ಇಷ್ಟು ಅಪರೂಪವಾದದ್ದು ಡಾಕ್ಟರಿಗೂ ಮೊದಲ ಭೇಟಿಯಲ್ಲೇ ಹೊಳೆಯುವುದು ಕಷ್ಟ. ಅದು ಅವರ ತಪ್ಪಲ್ಲ.

ಸಕ್ಕರೆ ಕಾಯಿಲೆ ಇರುವವರು, ಎಚ್‌ಐವಿ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಸಂಧಿವಾತಕ್ಕೋ ಚರ್ಮಕ್ಕೋ ಬಹುಕಾಲ ಸ್ಟೀರಾಯ್ಡ್ ತಗೊಂಡವರು, ಸರಿಯಾದ ಊಟವಿಲ್ಲದೆ ಸೊರಗಿದವರು, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತು ಅನ್ನುವವರು ಇನ್ನೂ ಬೇಗ ಎಚ್ಚರಗೊಳ್ಳಬೇಕು.

ಹೊರಡುವ ಮುಂಚೆ ಜೊತೆಗಿಟ್ಟುಕೊಳ್ಳಿ

ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್. ಹಳೆಯ ಚೀಟಿ, ಎಕ್ಸ್-ರೇ ಎಲ್ಲವೂ ಬೇಕು. ಇದುವರೆಗೆ ತಗೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್ ಇದ್ದರೆ ಎಸೆಯಬೇಡಿ, ತನ್ನಿ. ಮುಂದೆ ಅದೇ ಬಹಳ ಕೆಲಸಕ್ಕೆ ಬರುತ್ತದೆ. ಬೆರಳು ಊದಲು ಶುರುವಾದದ್ದು ಯಾವಾಗ ಅಂತ ನೆನಪು ಮಾಡಿಕೊಂಡು ಬರೆದಿಡಿ. "ಸುಗ್ಗಿ ಹೊತ್ತಿಗೆ", "ದೀಪಾವಳಿ ಆದಮೇಲೆ" ಅಂದರೂ ನಡೆಯುತ್ತದೆ.

ಹಂತ 1: ಯಾವಾಗ ಅನುಮಾನ ಪಡಬೇಕು

ನಮ್ಮ ಕಡೆ ಕೈಬೆರಳಿಗೆ ಪೆಟ್ಟು, ಮುಳ್ಳು, ಗಾಯ ಹೊಸದಲ್ಲ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗುತ್ತದೆ, ಬೇಲಿ ಕಟ್ಟುವಾಗ ಮುಳ್ಳು ಮುರಿದುಕೊಳ್ಳುತ್ತದೆ, ಶುಂಠಿ ಕೀಳುವಾಗ ಉಗುರಿನ ಸಂದಿಗೆ ಮಣ್ಣು ಸೇರುತ್ತದೆ. ಹಾಗಾಗಿ ಬೆರಳು ಊದಿದರೆ "ಏನೋ ಚುಚ್ಚಿರಬೇಕು" ಅಂತ ಅನ್ನಿಸುವುದು ಸಹಜ. ವ್ಯತ್ಯಾಸ ಹೀಗೆ ನೋಡಿ.

ಉಗುರುಸುತ್ತು ಅಥವಾ ಮಾಮೂಲಿ ಕೀವು ಆದರೆ ಬೆರಳು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ರಾತ್ರಿ ನಿದ್ದೆ ಬರದಷ್ಟು ಸಿಡಿಯುತ್ತದೆ. ಒಂದೆರಡು ವಾರದಲ್ಲಿ ಒಡೆಯುತ್ತದೆ ಅಥವಾ ಇಳಿಯುತ್ತದೆ. ಟಿಬಿ ಊತ ನಿಧಾನ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಬೆರಳಿನ ನಡು ದಪ್ಪ, ಎರಡು ಕಡೆ ಸಣ್ಣ. ಮುಟ್ಟಿದರೆ ಅಷ್ಟು ಬಿಸಿ ಇಲ್ಲ. ನೋವು ಕಡಿಮೆ, ಕೆಲವರಿಗೆ ಇಲ್ಲವೇ ಇಲ್ಲ. ಬೆರಳು ಪೂರ್ತಿ ಮಡಿಸಲು ಬರುವುದಿಲ್ಲ. ಕೆಲವರಿಗೆ ಚರ್ಮದಲ್ಲಿ ಸಣ್ಣ ತೂತಾಗಿ ತೆಳು ಕೀವು ಒಸರುತ್ತಲೇ ಇರುತ್ತದೆ, ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಒಸರುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಬೆರಳಿನ ಟಿಬಿಯಲ್ಲಿ ಇವು ಎಷ್ಟೋ ಸಲ ಇರುವುದೇ ಇಲ್ಲ.

ನಾನು ಹೇಳುವ ಲೆಕ್ಕ ಇಷ್ಟೇ: ಊತ ಮೂರ್ನಾಲ್ಕು ವಾರ ದಾಟಿತು, ಒಂದು ಕೋರ್ಸ್ ಆಂಟಿಬಯಾಟಿಕ್ ಮುಗಿದರೂ ಇಳಿಯಲಿಲ್ಲ ಅಂದರೆ ಎರಡನೇ ಕೋರ್ಸ್ ಕೇಳಬೇಡಿ. ಎಕ್ಸ್-ರೇ ಕೇಳಿ.

ಈ ಹಂತದಲ್ಲಿ ಆಗುವ ಮೂರು ಅನಾಹುತ ಹೇಳಿಬಿಡುತ್ತೇನೆ. ಒಂದು, ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಜಾತಿಯ ಮಾತ್ರೆ. ಇವು ಟಿಬಿ ರೋಗಾಣುವನ್ನೂ ಒಂದಿಷ್ಟು ಅದುಮುತ್ತವೆ. ಊತ ಸ್ವಲ್ಪ ಇಳಿಯುತ್ತದೆ, ಮುಂದೆ ಮಾಡುವ ಪರೀಕ್ಷೆಯಲ್ಲಿ ರೋಗಾಣು ಸಿಗುವುದಿಲ್ಲ, ಕಾಯಿಲೆ ಒಳಗೇ ಉಳಿಯುತ್ತದೆ. ಎರಡು, ಸಂಧಿವಾತ ಅಂದುಕೊಂಡು ಬೆರಳಿಗೆ ಹಾಕಿಸುವ ಸ್ಟೀರಾಯ್ಡ್ ಇಂಜೆಕ್ಷನ್. ಮೊದಲ ವಾರ ಆರಾಮ ಅನ್ನಿಸಿ, ನಂತರ ಕಾಯಿಲೆ ಜೋರಾಗುತ್ತದೆ. ಮೂರು, ಮೂಳೆ ಕಟ್ಟುವವರ ಹತ್ತಿರ ಎಳೆಸಿ ಪಟ್ಟು ಹಾಕಿಸುವುದು. ಟಿಬಿ ತಿಂದ ಮೂಳೆ ಟೊಳ್ಳಾಗಿರುತ್ತದೆ. ಎಳೆದರೆ ಮುರಿಯಬಹುದು. ಸೊಪ್ಪು ಅರೆದು ಕಟ್ಟುವುದರಿಂದ ಒಳಗಿನ ಮೂಳೆಗೆ ಏನೂ ತಲುಪುವುದಿಲ್ಲ. ಒಸರುವ ಗಾಯಕ್ಕೆ ಬೇರೆ ಸೋಂಕು ಮಾತ್ರ ಸೇರುತ್ತದೆ.

ಹಂತ 2: ಮೊದಲ ಪರೀಕ್ಷೆಗಳು

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಮೂಳೆ ಡಾಕ್ಟರು ನೋಡಲೇಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮೆಡಿಕಲ್ ಕಾಲೇಜಿಗೆ ಸೇರಿದ್ದು, ಮೂಳೆ ವಿಭಾಗ, ಎಕ್ಸ್-ರೇ, ಪೆಥಾಲಜಿ (ದೇಹದಿಂದ ತೆಗೆದ ಚೂರು ಪರೀಕ್ಷೆ ಮಾಡುವ ವಿಭಾಗ) ಒಂದೇ ಆವರಣದಲ್ಲಿ ಸಿಗುತ್ತವೆ. ಹಳ್ಳಿಯಿಂದ ಬರುವವರಿಗೆ ಅದು ಅನುಕೂಲ.

ಎರಡೂ ಕೈಯ ಎಕ್ಸ್-ರೇ ತೆಗೆಸಿ. ಒಳ್ಳೆಯ ಕೈ ಜೊತೆ ಹೋಲಿಸಿದಾಗ ವ್ಯತ್ಯಾಸ ಬೇಗ ಕಾಣುತ್ತದೆ. ಟಿಬಿಯಲ್ಲಿ ಮೂಳೆ ಉಬ್ಬಿ ಅಗಲವಾಗಿರುತ್ತದೆ, ಒಳಗೆ ಖಾಲಿ ಖಾಲಿ ಕಾಣುತ್ತದೆ, ಹೊರ ಗೋಡೆ ತೆಳುವಾಗಿರುತ್ತದೆ. ಮೊದಲ ಕೆಲವು ವಾರ ಎಕ್ಸ್-ರೇ ಪೂರ್ತಿ ಸರಿಯಾಗಿಯೂ ಕಾಣಬಹುದು. ಊತ ಹಾಗೇ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ತೆಗೆಸಬೇಕು, ಅಥವಾ ಡಾಕ್ಟರು ಎಂಆರ್‌ಐ ಬರೆಯಬಹುದು. ಎಂಆರ್‌ಐ ಅಂದರೆ ಅಯಸ್ಕಾಂತದ ಬಲದಿಂದ ಮೂಳೆಯ ಒಳಗು, ಸುತ್ತಲಿನ ಮಾಂಸ, ಕೀವಿನ ಚೀಲ ಎಲ್ಲ ತೋರಿಸುವ ಸ್ಕ್ಯಾನ್. ದುಡ್ಡು ಜಾಸ್ತಿ ಆಗುತ್ತದೆ. ಎಲ್ಲರಿಗೂ ಬೇಕಾಗುವುದಿಲ್ಲ.

ಎದೆಯ ಎಕ್ಸ್-ರೇ ಕಡ್ಡಾಯ. ಅದು ಎರಡು ಕೆಲಸ ಮಾಡುತ್ತದೆ: ಮೂಲ ಎದೆಯಲ್ಲಿದೆಯಾ ಅಂತ ತಿಳಿಯುತ್ತದೆ, ಮನೆಯವರಿಗೆ ಹರಡುವ ಅಪಾಯ ಇದೆಯಾ ಅಂತಲೂ ತಿಳಿಯುತ್ತದೆ. ರಕ್ತದಲ್ಲಿ ಸಕ್ಕರೆ, ಎಚ್‌ಐವಿ, ಲಿವರ್ ಪರೀಕ್ಷೆ, ಇಎಸ್‌ಆರ್ ನೋಡುತ್ತಾರೆ. ಇಎಸ್‌ಆರ್ ಅಂದರೆ ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅಂತ ಹೇಳುವ ಪರೀಕ್ಷೆ. ಯಾವ ಕಾಯಿಲೆ ಅಂತ ಹೇಳುವುದಿಲ್ಲ. ಅದು 60 ಬಂತು, 90 ಬಂತು ಅಂತ ಟಿಬಿ ಎಂದು ತೀರ್ಮಾನ ಮಾಡುವಂತಿಲ್ಲ.

ತೋಳಿಗೆ ಚುಚ್ಚಿ ಗಂಟು ಅಳೆಯುವ ಮಾಂಟೂ ಪರೀಕ್ಷೆಯೂ ಅಷ್ಟೇ. ರೋಗಾಣು ಎಂದೋ ಒಳಗೆ ಬಂದಿತ್ತು ಎನ್ನುವುದನ್ನಷ್ಟೇ ಅದು ಸೂಚಿಸುತ್ತದೆ. ನಮ್ಮ ದೇಶದಲ್ಲಿ ಕಾಯಿಲೆಯೇ ಇಲ್ಲದ ಎಷ್ಟೋ ಜನರಿಗೆ ಅದು ಪಾಸಿಟಿವ್ ಬರುತ್ತದೆ. ರಕ್ತದಲ್ಲಿ ಪ್ರತಿಕಾಯ (ರೋಗಾಣು ವಿರುದ್ಧ ದೇಹ ತಯಾರಿಸುವ ವಸ್ತು) ನೋಡಿ ಟಿಬಿ ಹೇಳುವ ಪರೀಕ್ಷೆಯನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧ ಮಾಡಿದೆ. ಯಾರಾದರೂ ಮಾಡಿಸಲು ಹೇಳಿದರೆ ದುಡ್ಡು ಕೊಡಬೇಡಿ.

ಹಂತ 3: ಚೂರು ತೆಗೆಸುವುದು, ಎರಡು ಡಬ್ಬಿಯಲ್ಲಿ ಕಳಿಸುವುದು

ಬಯಾಪ್ಸಿ ಅಂದರೆ ಕಾಯಿಲೆ ಇರುವ ಜಾಗದಿಂದ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡುವುದು. ಈ ಹೆಸರು ಕೇಳಿದರೆ ಜನ ಹೆದರುತ್ತಾರೆ. "ಚುಚ್ಚಿದರೆ ಹರಡುತ್ತೆ" ಅನ್ನುವ ಮಾತು ಊರಲ್ಲಿ ಓಡಾಡುತ್ತಿರುತ್ತದೆ. ಬೆರಳಿನ ಬಯಾಪ್ಸಿ ಸಣ್ಣ ಕೆಲಸ. ಕೈ ಮಾತ್ರ ಮರಗಟ್ಟಿಸಿ ಮಾಡುತ್ತಾರೆ, ಬಹಳ ಸಲ ಅದೇ ದಿನ ಮನೆಗೆ ಕಳಿಸುತ್ತಾರೆ. ಹೆದರಿ ಮುಂದೂಡುವುದರಿಂದ ಬೆರಳಿಗೆ ಆಗುವ ನಷ್ಟ ಇದಕ್ಕಿಂತ ಎಷ್ಟೋ ದೊಡ್ಡದು.

ಚೂರು ಯಾಕೆ ಬೇಕೇ ಬೇಕು? ಎಕ್ಸ್-ರೇಯಲ್ಲಿ ಟಿಬಿಯ ಹಾಗೇ ಕಾಣುವ ಬೇರೆ ಕಾಯಿಲೆಗಳಿವೆ. ಮಾಮೂಲಿ ಬ್ಯಾಕ್ಟೀರಿಯಾದಿಂದ ಮೂಳೆ ಕೊಳೆಯುವುದು, ಮೂಳೆಯೊಳಗೆ ಬೆಳೆಯುವ ಎನ್‌ಕಾಂಡ್ರೋಮ ಎನ್ನುವ ನಿರುಪದ್ರವಿ ಗಂಟು, ರಕ್ತದಲ್ಲಿ ಯೂರಿಕ್ ಆ್ಯಸಿಡ್ ಏರಿ ಕೀಲು ಊದುವ ಗೌಟ್, ಮುಳ್ಳು ಚುಚ್ಚಿದ ಜಾಗದಿಂದ ಒಳಗಿಳಿಯುವ ಶಿಲೀಂಧ್ರ ಸೋಂಕು, ಹಸಿ ಹಾಲು ಮತ್ತು ದನಗಳ ಸಂಪರ್ಕದಿಂದ ಬರುವ ಬ್ರುಸೆಲ್ಲಾ ಸೋಂಕು, ಅಪರೂಪಕ್ಕೆ ಕ್ಯಾನ್ಸರ್ ಕೂಡ. ಇವಕ್ಕೆಲ್ಲ ಔಷಧಿ ಬೇರೆ ಬೇರೆ. ತೋಟ, ಗದ್ದೆ, ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೆ ಈ ಪಟ್ಟಿಯಲ್ಲಿ ಎರಡು ಮೂರು ನಿಜಕ್ಕೂ ಸಾಧ್ಯ. ಅದಕ್ಕೇ "ಟಿಬಿ ಮಾತ್ರೆ ಕೊಟ್ಟು ನೋಡೋಣ, ಇಳಿದರೆ ಟಿಬಿ" ಅನ್ನುವ ದಾರಿ ಬೇಡ. ವರ್ಷ ನುಂಗುವ ಮಾತ್ರೆಯನ್ನು ಅಂದಾಜಿನ ಮೇಲೆ ಶುರು ಮಾಡಬಾರದು.

ಈಗ ಬಹಳ ಮುಖ್ಯವಾದ ಮಾತು. ತೆಗೆದ ಚೂರು ಎರಡು ಭಾಗವಾಗಿ ಎರಡು ಡಬ್ಬಿಗೆ ಹೋಗಬೇಕು.

ಮೊದಲ ಡಬ್ಬಿಯಲ್ಲಿ ಫಾರ್ಮಲಿನ್ ಇರುತ್ತದೆ. ಇದು ಮಾಂಸ ಕೊಳೆಯದಂತೆ ಇಡುವ ದ್ರಾವಣ. ಈ ಡಬ್ಬಿ ಪೆಥಾಲಜಿಗೆ ಹೋಗುತ್ತದೆ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಜೋಡಣೆ ನೋಡುತ್ತಾರೆ.

ಎರಡನೇ ಡಬ್ಬಿಯಲ್ಲಿ ಶುದ್ಧ ಸಲೈನ್ ಮಾತ್ರ, ಅಂದರೆ ಉಪ್ಪುನೀರು. ಇದು ರೋಗಾಣು ಹುಡುಕುವ ಲ್ಯಾಬಿಗೆ ಹೋಗುತ್ತದೆ. ಇಲ್ಲಿ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಮಾಡುತ್ತಾರೆ. ಎರಡೂ ರೋಗಾಣುವಿನ ಡಿಎನ್‌ಎ ಹುಡುಕುವ ಯಂತ್ರಗಳು, ಕೆಲವೇ ಗಂಟೆಯಲ್ಲಿ ಉತ್ತರ ಬರುತ್ತದೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್ ಈ ರೋಗಾಣುವಿಗೆ ನಾಟುತ್ತದೆಯೋ ಇಲ್ಲವೋ ಅನ್ನುವುದನ್ನೂ ತಿಳಿಸುತ್ತವೆ. ಅದೇ ಚೂರಿನಿಂದ ಕಲ್ಚರ್ ಕೂಡ ಆಗಬೇಕು. ಕಲ್ಚರ್ ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಟಿಬಿ ರೋಗಾಣು ಬಹಳ ನಿಧಾನ ಬೆಳೆಯುತ್ತದೆ, ಉತ್ತರಕ್ಕೆ 6 ವಾರದವರೆಗೆ ಕಾಯಬೇಕಾಗಬಹುದು.

ಎಲ್ಲ ಚೂರನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಿಬಿಡುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ, ಕಲ್ಚರ್ ಮಾಡಲು ಬರುವುದಿಲ್ಲ. ಮತ್ತೆ ಬೆರಳು ಕೊಯ್ಯಬೇಕಾಗುತ್ತದೆ. ಆದ್ದರಿಂದ ಆಪರೇಷನ್ ಕೋಣೆಗೆ ಹೋಗುವ ಮುಂಚೆಯೇ ವಿನಯವಾಗಿ ಕೇಳಿ: "ಸರ್, ಒಂದು ಚೂರು ಸಲೈನ್‌ನಲ್ಲಿ ಟಿಬಿ ಲ್ಯಾಬಿಗೆ ಕಳಿಸ್ತೀರಾ?" ಈ ಮಾತಿಗೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಸ್ಯಾಂಪಲ್ ನಿಮ್ಮ ಕೈಗೇ ಕೊಟ್ಟು ಬೇರೆ ಲ್ಯಾಬಿಗೆ ಒಯ್ಯಲು ಹೇಳಿದರೆ ಬಿಸಿಲಿನಲ್ಲಿ ಇಡಬೇಡಿ, ಮನೆಗೆ ಒಯ್ದು ನಾಳೆ ಕೊಡೋಣ ಅಂದುಕೊಳ್ಳಬೇಡಿ. ಸೀದಾ ಲ್ಯಾಬಿಗೆ ಹೋಗಿ.

ಕೀವು ಒಸರುತ್ತಿದ್ದರೆ ಮೇಲಿನಿಂದ ಹತ್ತಿಯಲ್ಲಿ ಒರೆಸಿ ಕಳಿಸಿದ್ದು ಸಾಲದು. ಚರ್ಮದ ಮೇಲಿನ ಬೇರೆ ಬ್ಯಾಕ್ಟೀರಿಯಾ ಸಿಕ್ಕಿ ದಾರಿ ತಪ್ಪಿಸುತ್ತದೆ. ಸೂಜಿಯಿಂದ ಒಳಗಿನ ಕೀವು ಎಳೆದು ಕಳಿಸಬೇಕು, ಮೂಳೆಯ ಚೂರಾದರೆ ಇನ್ನೂ ಒಳ್ಳೆಯದು.

ಹಂತ 4: ವರದಿ ಬಂದ ಮೇಲೆ

ಪೆಥಾಲಜಿ ವರದಿಯಲ್ಲಿ ಗ್ರಾನ್ಯುಲೋಮ ಅಂತ ಇರಬಹುದು. ರೋಗಾಣುವನ್ನು ಸುತ್ತುವರಿದು ಕೂತ ಜೀವಕೋಶಗಳ ಗುಂಪು ಅದು. ಅದರ ಜೊತೆ ಕೇಸಿಯೇಷನ್, ಅಂದರೆ ನಡುವೆ ಗಿಣ್ಣಿನ ಹಾಗೆ ಸತ್ತ ಭಾಗ ಇದೆ ಅಂದರೆ ಟಿಬಿಯ ಕಡೆ ತೂಕ ಬೀಳುತ್ತದೆ. ಬರೀ ಗ್ರಾನ್ಯುಲೋಮ ಇದ್ದರೆ ಶಿಲೀಂಧ್ರ, ಬ್ರುಸೆಲ್ಲಾ ಕೂಡ ನೆನಪಿನಲ್ಲಿರಬೇಕು.

ಸಿಬಿನ್ಯಾಟ್ ಪಾಸಿಟಿವ್ ಬಂದರೆ ಉತ್ತರ ಸಿಕ್ಕಿತು. ನೆಗೆಟಿವ್ ಬಂದರೆ? ಮೂಳೆಯ ಟಿಬಿಯಲ್ಲಿ ರೋಗಾಣುಗಳ ಸಂಖ್ಯೆಯೇ ಕಡಿಮೆ, ಯಂತ್ರಕ್ಕೆ ಸಿಗದೆ ಹೋಗಬಹುದು. ಆಗ ಡಾಕ್ಟರು ಪೆಥಾಲಜಿ, ಎಕ್ಸ್-ರೇ, ನಿಮ್ಮ ಲಕ್ಷಣ ಎಲ್ಲ ಸೇರಿಸಿ ತೂಗುತ್ತಾರೆ. ನೆಗೆಟಿವ್ ಚೀಟಿ ಹಿಡಿದು "ಟಿಬಿ ಇಲ್ಲವಂತೆ" ಅಂತ ಊರಿಗೆ ಹೋಗಿಬಿಡಬೇಡಿ. ಕಲ್ಚರ್ ವರದಿ ತಿಂಗಳ ನಂತರ ಬರುತ್ತದೆ, ಎಷ್ಟೋ ಜನ ಅದನ್ನು ತರಲು ಹೋಗುವುದೇ ಇಲ್ಲ. ಮರೆಯದೆ ಪಡೆದುಕೊಳ್ಳಿ. ಔಷಧಿ ನಾಟುತ್ತದೋ ಇಲ್ಲವೋ ಎಂಬುದರ ಪೂರ್ಣ ಉತ್ತರ ಅದರಲ್ಲಿರುತ್ತದೆ.

ರಿಫಾಂಪಿಸಿನ್ ನಾಟುವುದಿಲ್ಲ ಎಂದು ಬಂದರೆ ಮಾತ್ರೆಗಳ ಜೋಡಣೆಯೇ ಬೇರೆ. ಅದನ್ನು ಜಿಲ್ಲಾ ಮಟ್ಟದ ಟಿಬಿ ತಜ್ಞರೇ ನಿರ್ಧರಿಸಬೇಕು. ಮುಂದೆ ಬರೆದಿರುವುದು ಮಾಮೂಲಿ ಟಿಬಿಗೆ.

ಹಂತ 5: ನೋಂದಣಿ ಮತ್ತು ಮಾತ್ರೆ

ಟಿಬಿ ಎಂದು ತೀರ್ಮಾನವಾದ ಕೂಡಲೇ ನಿಮ್ಮ ಹೆಸರು ನಿಕ್ಷಯ್ ಎಂಬ ಸರ್ಕಾರಿ ಪಟ್ಟಿಗೆ ಸೇರಬೇಕು. ಖಾಸಗಿ ಆಸ್ಪತ್ರೆಯಲ್ಲಿ ಪತ್ತೆಯಾದರೂ ಅವರು ತಿಳಿಸಲೇಬೇಕೆಂದು 2012ರಿಂದ ನಿಯಮ ಇದೆ. ನಿಕ್ಷಯ್ ಐಡಿ ಕೇಳಿ ಬರೆದಿಟ್ಟುಕೊಳ್ಳಿ. ಖಾಸಗಿ ಡಾಕ್ಟರ ಹತ್ತಿರ ತೋರಿಸುತ್ತಲೇ ಮಾತ್ರೆಯನ್ನು ಸರ್ಕಾರದಿಂದ ಪುಕ್ಕಟೆ ಪಡೆಯಬಹುದು. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ಶುರುವಾದಾಗ ಇದು 500 ಇತ್ತು, 2024ರ ನವೆಂಬರಿನಿಂದ ಹೆಚ್ಚಿಸಿದ್ದಾರೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ದುಡ್ಡು ನಿಂತುಬಿಡುತ್ತದೆ, ಮೊದಲೇ ನೋಡಿಕೊಳ್ಳಿ. ಸಂಶಯ ಇದ್ದರೆ ನಿಕ್ಷಯ್ ಸಹಾಯವಾಣಿ 1800-11-6666, ಕರೆ ಉಚಿತ.

ಮೊದಲ 2 ತಿಂಗಳು ನಾಲ್ಕು ಔಷಧಿ: ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲ ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ದಿನಕ್ಕೆ ಎಷ್ಟು ಮಾತ್ರೆ ಅನ್ನುವುದು ನಿಮ್ಮ ತೂಕದ ಮೇಲೆ. ಹಾಗಾಗಿ ಪ್ರತಿ ತಿಂಗಳು ತೂಕ ನೋಡಿಸಿ. ಮೈ ತುಂಬಿಕೊಂಡರೆ ಮಾತ್ರೆಯ ಸಂಖ್ಯೆ ಬದಲಾಗಬಹುದು.

ಎದೆಯ ಟಿಬಿಗೆ 6 ತಿಂಗಳು, ಮೂಳೆಯ ಟಿಬಿಗೆ ಸಾಮಾನ್ಯವಾಗಿ 12 ತಿಂಗಳು. ಕೆಲವರಿಗೆ 18ರವರೆಗೂ ಹೋಗಬಹುದು. "ಪಕ್ಕದ ಮನೆಯವರಿಗೆ ಆರೇ ತಿಂಗಳಿಗೆ ನಿಲ್ಲಿಸಿದರಲ್ಲ" ಅಂತ ಕೇಳುವವರಿಗೆ ಇದೇ ಉತ್ತರ.

ಮಾತ್ರೆ ದಿನಾ ಒಂದೇ ಹೊತ್ತಿಗೆ, ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ. ವಾಕರಿಕೆ ತಡೆಯಲಾಗದಿದ್ದರೆ ಸ್ವಲ್ಪ ತಿಂಡಿ ತಿಂದು ತಗೊಳ್ಳಿ, ಬಿಡುವುದಕ್ಕಿಂತ ಅದು ಮೇಲು. ಆ್ಯಸಿಡಿಟಿ ಸಿರಪ್ ಬೇಕಾದರೆ ಎರಡು ಗಂಟೆ ಅಂತರ ಇರಲಿ.

ಮಲೆನಾಡಿನವರಿಗೆ ಎರಡು ಮಾತು. ಜೋರು ಮಳೆಯಲ್ಲಿ ರಸ್ತೆ ಬಂದ್ ಆಗಿ ಬಸ್ಸು ಬಾರದ ದಿನಗಳು ಇದ್ದೇ ಇರುತ್ತವೆ. ಜೂನ್ ಹೊತ್ತಿಗೇ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದವರ ಹತ್ತಿರ ಮಾತಾಡಿ, ಮಾತ್ರೆ ಮುಗಿಯುವ ವಾರದ ಮುಂಚೆಯೇ ಮುಂದಿನ ಸ್ಟಾಕ್ ತರಿಸಿಕೊಳ್ಳಿ. ಇನ್ನು ಮಳೆಗಾಲದ ತೇವ. ಸ್ಟ್ರಿಪ್ಪಿನಿಂದ ಮೊದಲೇ ಬಿಡಿಸಿಟ್ಟ ಮಾತ್ರೆ ತಂಡಿಗೆ ಹಾಳಾಗುತ್ತದೆ. ತಿನ್ನುವಾಗಲೇ ಬಿಡಿಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯ ಬಿಸಿ ತಾಗದ ಕಡೆ ಇಡಿ.

ಊಟಕ್ಕೆ ಪಥ್ಯ ಇಲ್ಲ. ಗಾಯ ಇದ್ದಾಗ ನಂಜಾಗುತ್ತದೆ ಅಂತ ಮೀನು, ಮೊಟ್ಟೆ, ಬದನೆಕಾಯಿ ಬಿಡಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಹಿರಿಯರು ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಟಿಬಿಯಲ್ಲಿ ಮೈಗೆ ಬೇಕಾಗಿರುವುದೇ ಮೊಟ್ಟೆ, ಮೀನು, ಕಾಳು, ಹಾಲಿನಂಥ ಆಹಾರ. ಧಾರಾಳವಾಗಿ ತಿನ್ನಿ. ಹಾಲು ಮಾತ್ರ ಕಾಯಿಸಿಯೇ ಕುಡಿಯಿರಿ. ಹೆಂಡ, ಸಾರಾಯಿ ಪೂರ್ತಿ ನಿಲ್ಲಬೇಕು, ಈ ಮಾತ್ರೆಗಳು ಲಿವರ್ ಮೇಲೆ ಮೊದಲೇ ಭಾರ ಹಾಕುತ್ತವೆ.

ಹಂತ 6: ಮಾತ್ರೆಯ ತೊಂದರೆಗಳನ್ನು ಗುರುತಿಸುವುದು

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ರಿಫಾಂಪಿಸಿನ್ ಬಣ್ಣ ಅದು.

ಮೊದಲ ಎರಡು ತಿಂಗಳಲ್ಲಿ ಬೇರೆ ಕೀಲುಗಳು ನೋಯಬಹುದು. ಕಾಯಿಲೆ ಹರಡಿತು ಅಂತ ಜನ ಹೆದರುತ್ತಾರೆ. ಬಹಳ ಸಲ ಅದು ಪೈರಾಜಿನಮೈಡ್‌ನಿಂದ ಯೂರಿಕ್ ಆ್ಯಸಿಡ್ ಏರಿ ಬರುವ ನೋವು. ಡಾಕ್ಟರಿಗೆ ತಿಳಿಸಿ, ಮಾತ್ರೆ ಬಿಡಬೇಡಿ. ಕೈಕಾಲು ಜುಮ್ಮೆನ್ನುವುದು, ಪಾದ ಉರಿಯುವುದು ಐಸೋನಿಯಜಿಡ್‌ನಿಂದ ಬರಬಹುದು. ಅದಕ್ಕೆ ಬಿ6 ವಿಟಮಿನ್ ಕೊಡುತ್ತಾರೆ.

ಕಣ್ಣು ಮಂಜಾದರೆ, ಕೆಂಪು-ಹಸಿರು ಬಣ್ಣ ಬೇರೆ ಮಾಡಲು ಕಷ್ಟ ಆದರೆ ಅದೇ ದಿನ ಡಾಕ್ಟರಿಗೆ ಹೇಳಿ. ಎಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡಬಲ್ಲದು. ಮೂಳೆಯ ಟಿಬಿಯಲ್ಲಿ ಇದನ್ನು ಬಹುಕಾಲ ತಗೊಳ್ಳುವುದರಿಂದ ಶುರುವಿನಲ್ಲೇ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ, ಮಧ್ಯೆ ಮಧ್ಯೆ ಮತ್ತೆ ತೋರಿಸಿ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಲಿವರ್ ವಿಷಯದಲ್ಲಿ. ಊಟ ಕಂಡರೆ ಆಗದಿರುವುದು, ನಿಲ್ಲದ ವಾಂತಿ, ಹೊಟ್ಟೆಯ ಬಲಭಾಗದಲ್ಲಿ ನೋವು, ಕಣ್ಣು ಹಳದಿ. ಇವು ಕಂಡರೆ ಎಲ್ಲ ಟಿಬಿ ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ. ನಮ್ಮ ಕಡೆ ಕಾಮಾಲೆ ಅಂದ ಕೂಡಲೇ ನಾಟಿ ಔಷಧಿ ಕೊಡುವವರ ಮನೆಗೆ ಹೋಗುತ್ತಾರೆ. ದಯವಿಟ್ಟು ಈ ಸಲ ಹಾಗೆ ಮಾಡಬೇಡಿ. ಇದು ಮಾತ್ರೆಯಿಂದ ಬಂದ ಕಾಮಾಲೆ. ಟಿಬಿ ಮಾತ್ರೆ ನುಂಗುತ್ತಲೇ ನಾಟಿ ಔಷಧಿ ಕುಡಿಯುತ್ತಾ ಕೂತರೆ ಲಿವರ್ ಕೆಟ್ಟು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ರಕ್ತ ನೋಡಿ, ಲಿವರ್ ಸುಧಾರಿಸಿದ ಮೇಲೆ ಔಷಧಿಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಯಾವುದು ತೊಂದರೆ ಕೊಟ್ಟಿತು ಅಂತ ಹಾಗೆ ಗೊತ್ತಾಗುತ್ತದೆ.

ಬೇರೆ ಮಾತ್ರೆ ತಗೊಳ್ಳುವವರು ಎಲ್ಲವನ್ನೂ ಡಾಕ್ಟರ ಮುಂದೆ ಇಡಿ. ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಬಲ ತಗ್ಗಿಸುತ್ತದೆ, ಬೇರೆ ವಿಧಾನ ಬೇಕಾಗುತ್ತದೆ. ಕೆಲವು ಸಕ್ಕರೆ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಗಳ ಮೇಲೂ ಹೀಗೇ ಪರಿಣಾಮ ಇದೆ.

ಹಂತ 7: ಬೆರಳನ್ನು ಕಾಪಾಡಿಕೊಳ್ಳುವುದು

ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಬೆರಳು ಬಗ್ಗುವಂತೆ ಉಳಿಸಿಕೊಳ್ಳುವುದು ಬೇರೆ ಕೆಲಸ. ಶುರುವಿನಲ್ಲಿ ನೋವು ಇದ್ದಾಗ ಸ್ಪ್ಲಿಂಟ್ ಹಾಕುತ್ತಾರೆ. ಬೆರಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ ಅದು. ಯಾವ ಭಂಗಿ ಅನ್ನುವುದನ್ನು ಡಾಕ್ಟರು ನಿರ್ಧರಿಸಬೇಕು, ಮನೆಯಲ್ಲಿ ಕಡ್ಡಿ ಕಟ್ಟಿಕೊಳ್ಳಬೇಡಿ. ನೋವು ತಗ್ಗಿದ ಮೇಲೆ ಫಿಸಿಯೋಥೆರಪಿಸ್ಟ್ ಹೇಳಿದ ಹಾಗೆ ದಿನಾ ಬೆರಳು ಮಡಿಸಿ ಬಿಡಿಸುವ ಅಭ್ಯಾಸ ಮಾಡಿ. ಹೆದರಿ ತಿಂಗಳುಗಟ್ಟಲೆ ಅಲ್ಲಾಡಿಸದೇ ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ಮೂಳೆ ಗಟ್ಟಿಯಾಯಿತು ಅಂತ ಡಾಕ್ಟರು ಹೇಳುವವರೆಗೆ ಆ ಕೈಯಲ್ಲಿ ಅಡಿಕೆ ಸುಲಿಯುವುದು, ಕತ್ತಿ ಹಿಡಿಯುವುದು, ಹಾಲು ಕರೆಯುವುದು ಬೇಡ. ಸುಗ್ಗಿಯಲ್ಲಿ ಇದು ಎಷ್ಟು ಕಷ್ಟ ಅಂತ ಗೊತ್ತು. ಮನೆಯವರು ಕೆಲಸ ಹಂಚಿಕೊಳ್ಳಬೇಕು.

ಕೀವು ಒಸರುತ್ತಿದ್ದರೆ ಶುಭ್ರ ಬಟ್ಟೆಯ ಡ್ರೆಸ್ಸಿಂಗ್ ಮುಚ್ಚಿರಲಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬೆರಳಿನ ಟಿಬಿ ಮಾತ್ರ ಇದ್ದು ಎದೆ ಸ್ವಚ್ಛವಾಗಿದ್ದರೆ ಉಸಿರಿನಿಂದ ಮನೆಯವರಿಗೆ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮಗುವನ್ನು ಎತ್ತಿಕೊಳ್ಳಬೇಡ ಅನ್ನುವುದು ಯಾವುದೂ ಬೇಕಿಲ್ಲ. ಆದರೆ ಮನೆಯವರೆಲ್ಲ ಒಮ್ಮೆ ಟಿಬಿ ತಪಾಸಣೆ ಮಾಡಿಸಿಕೊಳ್ಳಿ, ನಿಮಗೆ ಎಲ್ಲಿಂದಲೋ ಬಂದಿರುತ್ತದೆ ಅಲ್ವಾ?

ಆಪರೇಷನ್ ಬಹಳ ಜನರಿಗೆ ಬೇಕಾಗುವುದಿಲ್ಲ. ಸತ್ತ ಮೂಳೆಯ ಚೂರು ಒಳಗೆ ಉಳಿದಿದ್ದರೆ, ದೊಡ್ಡ ಕೀವಿನ ಚೀಲ ಇದ್ದರೆ, ಮಾತ್ರೆಗೆ ಜಗ್ಗದಿದ್ದರೆ ಕೆರೆದು ತೆಗೆಯುತ್ತಾರೆ. ಆಪರೇಷನ್ ಆದರೂ ಮಾತ್ರೆ ಪೂರ್ತಿ ಮುಗಿಸಲೇಬೇಕು. ಬೆರಳು ಕತ್ತರಿಸುವುದು ತೀರಾ ಅಪರೂಪ. ಯಾರಾದರೂ ಮೊದಲ ಭೇಟಿಯಲ್ಲೇ ಹಾಗೆ ಹೇಳಿದರೆ ಇನ್ನೊಬ್ಬ ಮೂಳೆ ಡಾಕ್ಟರ ಅಭಿಪ್ರಾಯ ಕೇಳಿ.

ಹಂತ 8: ನಡುವಿನ ತಿಂಗಳುಗಳು ಮತ್ತು ಕೊನೆ

ಎರಡು ಮೂರು ತಿಂಗಳಾದಾಗ ನೋವು, ಊತ, ಒಸರುವಿಕೆ ಕಡಿಮೆ ಆಗಿರಬೇಕು. ತೂಕ ಏರಿರಬೇಕು. ಎಕ್ಸ್-ರೇ ಸುಧಾರಣೆ ಇನ್ನೂ ಹಿಂದೆ ಇರುತ್ತದೆ, ಅದನ್ನೇ ನೋಡಿ ನಿರಾಶರಾಗಬೇಡಿ. ಕೆಲವರಿಗೆ ಮೊದಲ ವಾರಗಳಲ್ಲಿ ಊತ ಒಮ್ಮೆ ಜಾಸ್ತಿಯಾಗುತ್ತದೆ, ಕಂಕುಳಲ್ಲಿ ಗಡ್ಡೆ ಕಾಣುತ್ತದೆ. ಸಾಯುತ್ತಿರುವ ರೋಗಾಣುಗಳಿಗೆ ದೇಹ ತೋರುವ ಪ್ರತಿಕ್ರಿಯೆಯೂ ಆಗಿರಬಹುದು. ತೋರಿಸಿ, ಆದರೆ ಮಾತ್ರೆ ನೀವಾಗಿಯೇ ಬಿಡಬೇಡಿ. ಮೂರು ತಿಂಗಳ ಮೇಲೂ ಏನೂ ಬದಲಾವಣೆ ಇಲ್ಲ ಅಂದರೆ ಡಾಕ್ಟರು ಮತ್ತೆ ಚೂರು ತೆಗೆದು ನೋಡಬೇಕಾಗುತ್ತದೆ: ಔಷಧಿ ನಾಟದ ಟಿಬಿಯೋ, ಬೇರೆ ಕಾಯಿಲೆಯೋ ಎಂದು.

ಜನ ಕೈಬಿಡುವುದು ಸಾಮಾನ್ಯವಾಗಿ ಆರೋಗ್ಯ ಸುಧಾರಿಸಿದಾಗ. ನಾಲ್ಕನೇ, ಐದನೇ ತಿಂಗಳಿಗೆ ಬೆರಳು ಮೊದಲಿನ ಹಾಗೆ ಕಾಣುತ್ತದೆ. ನೋವಿಲ್ಲ. ತೋಟದ ಕೆಲಸ ಕೈ ಬೀಸಿ ಕರೆಯುತ್ತದೆ. ದಿನಾ ಮಾತ್ರೆ ನುಂಗಿ ಬೇಸರವಾಗಿರುತ್ತದೆ. ಹಾಗೆ ಬಿಟ್ಟವರಲ್ಲಿ ಮೂಳೆಯೊಳಗೆ ಉಳಿದ ರೋಗಾಣು ಮತ್ತೆ ಏಳುತ್ತದೆ, ಆಗ ಹಳೆಯ ಔಷಧಿಗೆ ಬಗ್ಗದೇ ಇರುವ ಸಾಧ್ಯತೆ ಜಾಸ್ತಿ. ಒಂದು ದಿನ ಮರೆತರೆ ಮರುದಿನ ಎರಡು ದಿನದ್ದು ಒಟ್ಟಿಗೆ ನುಂಗಬೇಡಿ, ಮಾಮೂಲಿನಂತೆ ಮುಂದುವರಿಸಿ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. ಕೆಲಸಕ್ಕೋ ಮದುವೆಗೋ ಬೇರೆ ಊರಿಗೆ ಹೋಗುವುದಾದರೆ ಮೊದಲೇ ಹೇಳಿ. ನಿಕ್ಷಯ್ ಐಡಿ ಇದ್ದರೆ ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಮಾತ್ರೆ ಪಡೆಯುವ ವ್ಯವಸ್ಥೆ ಮಾಡಿಕೊಡುತ್ತಾರೆ.

ಮಾತ್ರೆ ನಿಲ್ಲಿಸುವ ದಿನವನ್ನು ಡಾಕ್ಟರು ಹೇಳಬೇಕು. ಅದಕ್ಕೆ ಮುಂಚೆ ಒಮ್ಮೆ ಎಕ್ಸ್-ರೇ ತೆಗೆಸುತ್ತಾರೆ. ನಂತರ 2 ವರ್ಷ, 6 ತಿಂಗಳಿಗೊಮ್ಮೆ ಹೋಗಿ ತೋರಿಸಿ. ಕೊನೆಯ ಎಕ್ಸ್-ರೇ ಮತ್ತು ಬಯಾಪ್ಸಿ ವರದಿಯನ್ನು ಮಳೆ ತಾಗದ ಕಡೆ ಜೋಪಾನವಾಗಿಡಿ. ಅದೇ ಬೆರಳು ಮತ್ತೆ ಊದಿದರೆ ಮೊದಲು ಕೇಳುವುದು ಅವನ್ನೇ.